ಕಚ್ಚುವುದು ತಳಿಯೋ, ಸಾಕಿದ ರೀತಿಯೋ?

ನಮ್ಮ ಬಡಾವಣೆಗಳ ಅನೇಕ ಗೇಟುಗಳ ಮೇಲೆ 'ನಾಯಿ ಇದೆ, ಎಚ್ಚರಿಕೆ' ಎಂಬ ಫಲಕ ಕಾಣುತ್ತದೆ. ಅದನ್ನು ಓದಿದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ 'ಯಾವ ಜಾತಿ ನಾಯಿ?' ಎಂಬುದು. ಪಮೇರಿಯನ್ ಎಂದರೆ ನಕ್ಕು ಒಳಗೆ ಹೋಗುತ್ತೇವೆ. ರಾಟ್‌ವೀಲರ್ ಎಂದರೆ ಗೇಟಿನಾಚೆಯೇ ನಿಂತು ಮನೆಯವರನ್ನು ಕೂಗುತ್ತೇವೆ. ಆದರೆ ಈ ನಾಯಿಯನ್ನು ದಿನಕ್ಕೆ ಎಷ್ಟು ಹೊತ್ತು ಕಟ್ಟಿಹಾಕುತ್ತಾರೆ, ಅದಕ್ಕೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದ್ದಾರೆಯೇ, ಮನೆಯವರ ಮಾತನ್ನು ಅದು ಕೇಳುತ್ತದೆಯೇ ಎಂದು ವಿಚಾರಿಸುವವರು ವಿರಳ. ನಮ್ಮ ಸುರಕ್ಷತೆ ನಿಂತಿರುವುದು ಈ ಎರಡನೆಯ ಬಗೆಯ ಪ್ರಶ್ನೆಗಳ ಮೇಲೆ. ಸಾಕುಪ್ರಾಣಿಗಳ ಕುರಿತ ಮಾತುಕತೆಯನ್ನು ನೋಡಿದ ವೀಕ್ಷಕರಿಗೆ ಪೂರಕವಾಗಿ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿವರಿಸಲಾಗಿದೆ.

ಒಂದು ಸುತ್ತೋಲೆ, ಒಂದು ತೀರ್ಪು

2022ರ ಜುಲೈ ತಿಂಗಳಲ್ಲಿ ಲಕ್ನೋ ನಗರದಲ್ಲಿ ವೃದ್ಧೆಯೊಬ್ಬರು ತಮ್ಮ ಮನೆಯ ಪಿಟ್‌ಬುಲ್ ನಾಯಿಯ ದಾಳಿಗೆ ಬಲಿಯಾದರು. ಆ ಸುದ್ದಿ ದೇಶವನ್ನೇ ತಲ್ಲಣಗೊಳಿಸಿತು. ಕೆಲವು ತಳಿಗಳನ್ನು ನಿಷೇಧಿಸಬೇಕೆಂಬ ಕೂಗು ಬಲವಾಯಿತು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆ ಎಲ್ಲ ರಾಜ್ಯಗಳಿಗೂ ಒಂದು ಸುತ್ತೋಲೆ ಕಳುಹಿಸಿತು. ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೋರ್ಸೊ, ರೊಡೇಶಿಯನ್ ರಿಜ್‌ಬ್ಯಾಕ್ ಮೊದಲಾದ 23 ಬಗೆಯ ನಾಯಿಗಳ ಆಮದು, ಮಾರಾಟ ಹಾಗೂ ಸಂತಾನಾಭಿವೃದ್ಧಿಗೆ ಅವಕಾಶ ಕೊಡಬಾರದು, ಈಗಾಗಲೇ ಮನೆಗಳಲ್ಲಿರುವ ಇಂಥ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು ಎಂಬುದು ಅದರ ಸಾರಾಂಶ.

ಈ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ಅದೇ ವರ್ಷದ ಏಪ್ರಿಲ್ 10ರಂದು ನ್ಯಾಯಾಲಯ ಅದನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಇಂಥ ನಿರ್ಧಾರ ಕೈಗೊಂಡದ್ದು ಸರಿಯಲ್ಲ ಎಂಬುದು ತೀರ್ಪಿನ ಮುಖ್ಯ ಅಂಶ. ಕ್ರಮಬದ್ಧವಾಗಿ ಸಮಾಲೋಚನೆ ನಡೆಸಿ ಹೊಸ ಸುತ್ತೋಲೆ ಹೊರಡಿಸಲು ಸರ್ಕಾರಕ್ಕೆ ಅಡ್ಡಿಯಿಲ್ಲವೆಂದೂ ಅದು ತಿಳಿಸಿತು. ಆದುದರಿಂದ, ಈ ತೀರ್ಪು 'ಯಾವ ನಾಯಿಯೂ ಅಪಾಯಕಾರಿಯಲ್ಲ' ಎಂದು ಹೇಳಿದೆ ಎಂದು ಯಾರೂ ತಪ್ಪು ತಿಳಿಯಬಾರದು.

ಕಾಲಕ್ಕೊಂದು ಕೆಟ್ಟ ಹೆಸರು

ತಳಿಯ ಮೇಲಿನ ಅನುಮಾನ ಹೊಸದೇನೂ ಅಲ್ಲ. ನಾವೆಲ್ಲ 'ಅಲ್ಸೇಷಿಯನ್' ಎಂದು ಕರೆದು ರೂಢಿಯಾಗಿರುವ ನಾಯಿಯ ನಿಜವಾದ ಹೆಸರು ಜರ್ಮನ್ ಶೆಫರ್ಡ್. ಮೊದಲ ಮಹಾಯುದ್ಧದ ಬಳಿಕ ಬ್ರಿಟನ್ನಿನಲ್ಲಿ 'ಜರ್ಮನ್' ಎಂಬ ಶಬ್ದವನ್ನೇ ಜನ ದ್ವೇಷಿಸುತ್ತಿದ್ದರು. ಆದ್ದರಿಂದ ಪಾಪದ ನಾಯಿಗೂ ಹೆಸರು ಬದಲಾಯಿತು. ಮೂಲ ಹೆಸರು ಅಲ್ಲಿ ಅಧಿಕೃತವಾಗಿ ಮರಳಿ ಬಂದದ್ದು 1977ರಲ್ಲಿ. ಆ ಯುದ್ಧಕಾಲದ ಮುನಿಸು ಅಲ್ಲಿಂದ ನಮ್ಮ ಭಾಷೆಯೊಳಕ್ಕೂ ಬಂದು ಉಳಿದಿದೆ! ಇದೇ ತಳಿ ಕುರಿಗಳನ್ನು ಕೊಂದೀತು, ಕಾಡುನಾಯಿ ಡಿಂಗೊ ಜೊತೆ ಬೆರೆತೀತು ಎಂದು ಹೆದರಿ 1929ರಲ್ಲಿ ಆಸ್ಟ್ರೇಲಿಯ ಅದರ ಆಮದನ್ನೇ ನಿಲ್ಲಿಸಿತ್ತು. ಇಂದು ಅದೇ ತಳಿಯನ್ನು ಎಷ್ಟೋ ದೇಶಗಳ ಪೊಲೀಸರು ನೆಚ್ಚಿಕೊಂಡಿದ್ದಾರೆ.

ರಾಟ್‌ವೀಲರ್ ಕಥೆಯೂ ಹಾಗೆಯೇ. ಜರ್ಮನಿಯ ರಾಟ್‌ವೀಲ್ ಪಟ್ಟಣದಲ್ಲಿ ದನಗಳನ್ನು ಸಂತೆಗೆ ಅಟ್ಟಿಕೊಂಡು ಹೋಗುವುದು, ಕಟುಕರ ಗಾಡಿ ಎಳೆಯುವುದು ಅದರ ಕಸುಬಾಗಿತ್ತು. ರೈಲು ಬಂದು ಆ ಕೆಲಸ ಕೈತಪ್ಪಿದ ಮೇಲೆ ಅದು ಪೊಲೀಸ್ ನಾಯಿಯಾಯಿತು. ಪಿಟ್‌ಬುಲ್ ಮಾತ್ರ ಬೇರೆ ದಾರಿಯಲ್ಲಿ ಬಂದದ್ದು. ಕಟ್ಟಿಹಾಕಿದ ಹೋರಿಯ ಮೇಲೆ ನಾಯಿ ಬಿಡುವ ಕ್ರೂರ ಆಟವನ್ನು ಇಂಗ್ಲೆಂಡ್ 1835ರಲ್ಲಿ ನಿಷೇಧಿಸಿದಾಗ, ಜೂಜುಕೋರರು ನಾಯಿಗೂ ನಾಯಿಗೂ ಕಾಳಗ ಹಚ್ಚತೊಡಗಿದರು. ಅದಕ್ಕಾಗಿಯೇ ಬೆಳೆಸಿದ ನಾಯಿಗಳ ಪೀಳಿಗೆಯಿಂದ ಪಿಟ್‌ಬುಲ್ ಹುಟ್ಟಿಕೊಂಡಿತು. ಅದರ ದವಡೆಗೆ ಬೀಗ ಬೀಳುತ್ತದೆ, ಕಚ್ಚಿದರೆ ಬಿಡಿಸಲಾಗದು ಎಂಬುದು ಮಾತ್ರ ಕಟ್ಟುಕಥೆ. ಅಂಥ ರಚನೆ ಯಾವ ನಾಯಿಯ ದವಡೆಯಲ್ಲೂ ಇಲ್ಲ.

ನಿಷೇಧದಿಂದ ಏನಾಯಿತು?

ಬ್ರಿಟನ್ 1991ರಲ್ಲಿ ಅಪಾಯಕಾರಿ ನಾಯಿಗಳ ಕಾಯಿದೆ ತಂದು ಪಿಟ್‌ಬುಲ್, ಜಪಾನಿನ ಟೋಸಾ, ಡೋಗೊ ಅರ್ಜೆಂಟೀನೊ, ಫಿಲಾ ಬ್ರೆಸಿಲೇರೊ ಎಂಬ ನಾಲ್ಕು ಬಗೆಗಳನ್ನು ನಿಷೇಧಿಸಿತು. ಆದರೆ ಜನ ಬೇರೊಂದು ದೈತ್ಯ ನಾಯಿಯನ್ನು ಹುಡುಕಿಕೊಂಡರು. 2023ರ ಕೊನೆಗೆ 'ಎಕ್ಸ್‌ಎಲ್ ಬುಲ್ಲಿ' ಎಂಬ ಐದನೆಯ ಬಗೆಯನ್ನೂ ಪಟ್ಟಿಗೆ ಸೇರಿಸಬೇಕಾಗಿ ಬಂತು. ನೆದರ್‌ಲ್ಯಾಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿತ್ತು. ಕಚ್ಚುವ ಪ್ರಕರಣಗಳು ಇಳಿಯಲಿಲ್ಲವೆಂದು 2008ರಲ್ಲಿ ಅದನ್ನು ಕೈಬಿಡಲು ತೀರ್ಮಾನಿಸಿತು. ಇಟಲಿ 2009ರಲ್ಲಿ ತಳಿಗಳ ಪಟ್ಟಿಯನ್ನು ಬದಿಗಿಟ್ಟು, ಮಾಲೀಕನೇ ಹೊಣೆ ಎಂಬ ನಿಯಮಕ್ಕೆ ಬಂದಿತು.

ವಿಜ್ಞಾನ ಹೇಳುವುದೇನು?

2022ರಲ್ಲಿ 'ಸೈನ್ಸ್' ನಿಯತಕಾಲಿಕದಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಸಂಶೋಧಕರು 18,385 ನಾಯಿಗಳ ಸ್ವಭಾವದ ಬಗ್ಗೆ ಮಾಲೀಕರಿಂದ ಮಾಹಿತಿ ಪಡೆದು, 2,155 ನಾಯಿಗಳ ವಂಶವಾಹಿಗಳನ್ನೂ ಪರೀಕ್ಷಿಸಿದರು. ನಾಯಿ ನಾಯಿಗೂ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇಕಡಾ 9 ಮಾತ್ರ ಎಂದು ತಿಳಿದುಬಂತು. ಮಾತು ಕೇಳುವ ಗುಣದಲ್ಲಿ ತಳಿಯ ಪ್ರಭಾವ ಸ್ವಲ್ಪ ಹೆಚ್ಚು. ಆದರೆ ನಾಯಿ ಎಷ್ಟು ಬೇಗ ಕೆರಳುತ್ತದೆ ಎಂಬುದನ್ನು ತಳಿ ನೋಡಿ ಊಹಿಸುವುದು ಬಹುಮಟ್ಟಿಗೆ ವ್ಯರ್ಥ.

ಹಾಗಾದರೆ ಜನರ ಭಯ ಸುಳ್ಳೇ? ಇಲ್ಲ. ಎಷ್ಟು ಬೇಗ ಕಚ್ಚುತ್ತದೆ ಎಂಬುದು ಒಂದು ವಿಷಯ, ಕಚ್ಚಿದರೆ ಏನಾಗುತ್ತದೆ ಎಂಬುದು ಇನ್ನೊಂದು. ಸಿಡುಕಿನ ಪಮೇರಿಯನ್ ಹತ್ತು ಸಲ ಕಚ್ಚಿದರೂ ಗಾಯ ಚಿಕ್ಕದಾಗಿರಬಹುದು. 50 ಕಿಲೋ ತೂಗುವ ನಾಯಿ ಒಮ್ಮೆ ಕಚ್ಚಿದರೆ ಮಗುವಿನ ಪ್ರಾಣವೇ ಹೋದೀತು. ದೊಡ್ಡ ನಾಯಿ ಸಾಕುವವನ ಹೊಣೆ ದೊಡ್ಡದು ಎನ್ನುವುದು ಇದೇ ಕಾರಣಕ್ಕೆ. 'ನಮ್ಮ ನಾಯಿ ಏನೂ ಮಾಡುವುದಿಲ್ಲ ಬನ್ನಿ' ಎಂಬ ಮಾತು ಆ ಹೊಣೆಯಿಂದ ಬಿಡುಗಡೆ ಕೊಡುವುದಿಲ್ಲ.

ನಾಯಿ ಏಕೆ ಕಚ್ಚುತ್ತದೆ?

ಬಹುತೇಕ ನಾಯಿಗಳು ಕಚ್ಚುವುದು ಹೆದರಿಕೆಯಿಂದ, ನೋವಿನಿಂದ ಅಥವಾ ತನ್ನ ಅನ್ನ, ಮರಿ, ಜಾಗ ಕಾಯುವ ಭರದಲ್ಲಿ. ಮರಿಯ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಕಾಲ ಬಹಳ ಮುಖ್ಯ. ಮಕ್ಕಳು, ಮುದುಕರು, ಛತ್ರಿ ಹಿಡಿದವರು, ಸ್ಕೂಟರ್ ಸದ್ದು, ಬೇರೆ ಪ್ರಾಣಿಗಳು ಎಲ್ಲವನ್ನೂ ಅದು ಭಯವಿಲ್ಲದೆ ಪರಿಚಯ ಮಾಡಿಕೊಳ್ಳುವುದು ಆಗಲೇ. ಈ ದಿನಗಳನ್ನು ಒಂಟಿಯಾಗಿ ಕಳೆದ ಮರಿ, ಯಾವ ತಳಿಯದ್ದಾದರೂ, ಮುಂದೆ ಅಪರಿಚಿತರನ್ನು ಶತ್ರುಗಳೆಂದೇ ಭಾವಿಸುವ ಸಂಭವ ಹೆಚ್ಚು. 'ಕಾವಲಿಗೆ ಚೆನ್ನಾಗಿರಲಿ' ಎಂದು ಮರಿಯನ್ನು ಯಾರಿಗೂ ತೋರಿಸದೆ, ಹಗಲೆಲ್ಲ ಮೋಟು ಸರಪಳಿಯಲ್ಲಿ ಕಟ್ಟಿ ಬೆಳೆಸುವವರು ತಾವೇ ಒಂದು ಅಪಾಯವನ್ನು ಸಾಕುತ್ತಿರುತ್ತಾರೆ.

'ಬೊಗಳುವ ನಾಯಿ ಕಚ್ಚುವುದಿಲ್ಲ' ಎಂಬ ಗಾದೆಯನ್ನು ನಂಬಿ ಕೈ ಚಾಚಬೇಡಿ. ಅನೇಕ ನಾಯಿಗಳು ಬೊಗಳಿಯೂ ಕಚ್ಚುತ್ತವೆ. ಬಾಲ ಅಲ್ಲಾಡಿಸುವುದೂ ಸದಾ ಪ್ರೀತಿಯ ಗುರುತಲ್ಲ. ಮೈ ಸೆಟೆದುಕೊಳ್ಳುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಪದೇ ಪದೇ ತುಟಿ ನೆಕ್ಕುವುದು, ಬಾಲ ಮುದುರಿಕೊಳ್ಳುವುದು, ಗುರುಗುಟ್ಟುವುದು, ಇವು 'ದೂರ ಸರಿ' ಎನ್ನುವ ನಾಯಿಯ ಭಾಷೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ನಾಯಿ ಆ ಮುನ್ಸೂಚನೆಯನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ.

ಸಾಕುವ ಮುನ್ನ, ಸಾಕಿದ ಮೇಲೆ

ಮರಿ ತರುವ ಮುನ್ನ ನಿಮ್ಮ ಮನೆ, ಸಮಯ ಮತ್ತು ಸಂಪಾದನೆಯನ್ನು ಲೆಕ್ಕ ಹಾಕಿ. ನಮ್ಮ ಬಾಗಲಕೋಟೆ ಸೀಮೆಯ ಮುಧೋಳ ನಾಯಿ ಓಡಲೆಂದೇ ಹುಟ್ಟಿದ ಬೇಟೆನಾಯಿ. 2005ರಲ್ಲಿ ಅದರ ಅಂಚೆಚೀಟಿಯೂ ಹೊರಬಂದಿದೆ. ಅಂಥ ನಾಯಿಯನ್ನು ಎರಡು ಕೋಣೆಯ ಮನೆಯಲ್ಲಿ ಕೂಡಿಹಾಕುವುದು ಅದಕ್ಕೆ ಶಿಕ್ಷೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಾಯಿ ಸಂತಾನಾಭಿವೃದ್ಧಿ ನಿಯಮಗಳು ಹೇಳುತ್ತವೆ. ಅದಕ್ಕಿಂತ ಎಳೆಯ ಮರಿಯನ್ನು ಯಾರಾದರೂ ಕೊಡಲು ಬಂದರೆ ಕೊಳ್ಳಬೇಡಿ. 'ಜಾತಿ ನಾಯಿ'ಯೇ ಆಗಬೇಕೆಂಬ ಹಟವೂ ಬೇಡ. ನಾವು ತಾತ್ಸಾರದಿಂದ 'ಕಂತ್ರಿ' ಎನ್ನುವ ನಾಯಿಮರಿ ನಮ್ಮ ಹವೆಗೆ ಒಗ್ಗಿದ್ದು, ಅಕ್ಕರೆ ತೋರಿದರೆ ಮನೆಯದೇ ಆಗುತ್ತದೆ.

ಸಾಕಿದ ಮೇಲೆ ಈ ಕೆಲವು ಅಂಶಗಳನ್ನು ತಪ್ಪದೆ ಪಾಲಿಸಿ:

* ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ. ಆ ಬಳಿಕ ಪಶುವೈದ್ಯರು ಹೇಳಿದಂತೆ ಪ್ರತಿ ವರ್ಷ ಹಾಕಿಸಿ, ಕಾರ್ಡನ್ನು ಜೋಪಾನವಾಗಿಡಿ.
* ದಿನಕ್ಕೆ ಎರಡು ಸಲವಾದರೂ ನಡೆದಾಡಿಸಿ. ಬೀದಿಯಲ್ಲಿ ನಾಯಿ ಸದಾ ಹಗ್ಗದಲ್ಲಿರಲಿ. ಹಗ್ಗ ಹಿಡಿದವರಿಗೆ ಅದನ್ನು ತಡೆಯುವ ಶಕ್ತಿ ಇರಲಿ. ದೊಡ್ಡ ನಾಯಿಯನ್ನು ಮಕ್ಕಳ ಕೈಗೆ ಕೊಟ್ಟು ಕಳುಹಿಸಬೇಡಿ.
* ಜನಸಂದಣಿಯಲ್ಲಿ ಬಾಯಿಕುಕ್ಕೆ ಹಾಕುವುದು ಅವಮಾನವಲ್ಲ. ಮರಿಯಿದ್ದಾಗಲೇ ಅದಕ್ಕೆ ಅಭ್ಯಾಸ ಮಾಡಿಸಿ.
* ಚಿಕ್ಕ ಮಗುವನ್ನೂ ನಾಯಿಯನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ಹೋಗಬೇಡಿ, ಅದು ಎಷ್ಟೇ ಸಾಧುವಾಗಿರಲಿ.
* ನಾಯಿ ಉಣ್ಣುವಾಗ, ಮಲಗಿದ್ದಾಗ, ಮರಿ ಹಾಕಿದಾಗ ಮುಟ್ಟಬಾರದೆಂದು ಮಕ್ಕಳಿಗೆ ಕಲಿಸಿ.

ಕಾನೂನಿನ ಮಾತು

ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದ ಮಾಲೀಕನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಲ್ಲಿ ತಳಿಯ ಹೆಸರೇ ಇಲ್ಲ ಎಂಬುದನ್ನು ಗಮನಿಸಿ. ಇನ್ನೊಂದೆಡೆ, 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ನಾಯಿಯನ್ನು ಮೋಟಾದ ಇಲ್ಲವೇ ಭಾರವಾದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು, ಕಟ್ಟಿಯೇ ಇಡುವ ನಾಯಿಗೆ ವ್ಯಾಯಾಮ ಕೊಡದಿರುವುದು, ಹಸಿವು ಬಾಯಾರಿಕೆಯಿಂದ ನರಳುವಂತೆ ಎಲ್ಲೋ ಬಿಟ್ಟು ಬರುವುದು ಇವೆಲ್ಲ ಅಪರಾಧ.

ಈ ಕೊನೆಯ ಮಾತು ಮುಖ್ಯ. ಒಂದು ವಠಾರವನ್ನು ಊಹಿಸಿಕೊಳ್ಳಿ. ಪತ್ರಿಕೆಯಲ್ಲಿ ಬಂದ ಒಂದು ಸುದ್ದಿ ಓದಿ ಅಕ್ಕಪಕ್ಕದವರು 'ನಿಮ್ಮ ರಾಟ್‌ವೀಲರ್ ಇಲ್ಲಿ ಬೇಡ' ಎನ್ನುತ್ತಾರೆ. ಆರು ವರ್ಷದಿಂದ ಯಾರನ್ನೂ ನೋಯಿಸದ ನಾಯಿಯನ್ನು ಮನೆಯವರು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಹೆದ್ದಾರಿಯ ಬದಿಗೆ ಇಳಿಸುತ್ತಾರೆ. ಹಸಿದು, ಕಂಗಾಲಾಗಿ, ಗುರುತಿಲ್ಲದ ಜನರ ನಡುವೆ ಅಲೆಯುವ ಆ ನಾಯಿ ಈಗ ನಿಜಕ್ಕೂ ಅಪಾಯಕಾರಿ. ಪೂರ್ವಗ್ರಹ ತಾನು ಹೆದರಿದ್ದನ್ನೇ ತಾನೇ ಸೃಷ್ಟಿಸಿದಂತಾಯಿತು. ನಿವಾಸಿಗಳ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ತಿಳಿಸಿದೆ. ಹಾಗೆಯೇ, ಹಗ್ಗ, ಚುಚ್ಚುಮದ್ದು, ಶುಚಿತ್ವಗಳ ಬಗ್ಗೆ ನೆರೆಯವರು ಕೇಳಿದಾಗ ಉತ್ತರ ಕೊಡುವುದು ನಾಯಿ ಸಾಕಿದವರ ಕರ್ತವ್ಯ.

ಕಚ್ಚಿದರೆ ಏನು ಮಾಡಬೇಕು?

ಯಾವ ನಾಯಿ ಕಚ್ಚಿದರೂ, ಗೀರಿದರೂ, ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಾಯ ತೊಳೆಯಿರಿ. ಅರಿಸಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಹಚ್ಚಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ವೈದ್ಯರು ಹೇಳಿದ ಚುಚ್ಚುಮದ್ದುಗಳನ್ನು ನಡುವೆ ಬಿಡದೆ ಪೂರ್ತಿ ಹಾಕಿಸಿಕೊಳ್ಳಿ. ರಕ್ತ ಬಂದ ಗಾಯವಾದರೆ ಇಮ್ಯುನೋಗ್ಲೋಬ್ಯುಲಿನ್ ಬೇಕೇ ಎಂದು ಕೇಳಿ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅಸಾಧ್ಯವೆಂದೇ ಹೇಳಬೇಕು. ಮುಂಚಿತವಾಗಿ ಸರಿಯಾದ ಚಿಕಿತ್ಸೆ ಪಡೆದರೆ ಅದನ್ನು ತಡೆಯಬಹುದು. ಈ ರೋಗಾಣುವಿಗೆ ರಾಟ್‌ವೀಲರೂ ಒಂದೇ, ಪಮೇರಿಯನ್ನೂ ಒಂದೇ.

ಮುಂದಿನ ಸಲ 'ನಾಯಿ ಇದೆ, ಎಚ್ಚರಿಕೆ' ಎಂಬ ಫಲಕ ಕಂಡಾಗ ಗೇಟಿನ ಹೊರಗೇ ನಿಂತು ಕೂಗಿ, ಅದು ಒಳ್ಳೆಯ ಅಭ್ಯಾಸ. ಆದರೆ ಒಳಗೆ ಹೋದ ಮೇಲೆ ತಳಿಯ ಹೆಸರು ಕೇಳುವ ಮೊದಲು ಚುಚ್ಚುಮದ್ದಿನ ಕಾರ್ಡನ್ನು ಕೇಳಿ. ಆ ಫಲಕ ನಿಮ್ಮ ಗೇಟಿನ ಮೇಲೆಯೇ ಇದ್ದರೆ, ಅದರ ಮೇಲಿನ 'ಎಚ್ಚರಿಕೆ' ಎಂಬ ಮಾತು ದಾರಿಹೋಕರಿಗಿಂತ ಮೊದಲು ನಿಮಗೆ ಅನ್ವಯಿಸುತ್ತದೆ ಎಂಬುದನ್ನು ನೆನಪಿಡಿ.