ಹುಂ… ಟಕ್

ರಾತ್ರಿ ಕಾಸಿ, ಆರಿಸಿ ಒಳಗಿಟ್ಟ ಹಾಲು ಬೆಳಿಗ್ಗೆ ಒಲೆಯ ಮೇಲೆ ಒಡೆದುಹೋಯಿತು. ಅನುಮಾನ ಬಂದದ್ದೇ ಆಗ. ಫ್ರಿಜ್ಜಿನ ಬಾಗಿಲು ತೆಗೆದರೆ ದೀಪವೇನೋ ಹತ್ತಿತು, ಮುಖಕ್ಕೆ ತಂಪು ತಾಗಲಿಲ್ಲ. ಫ್ರೀಜರಿನ ಹಿಮವೆಲ್ಲ ಕರಗಿ ಕೆಳಗಿನ ಡಬ್ಬಿಯಲ್ಲಿ ಕೊತ್ತಂಬರಿ ಕಟ್ಟು ತೇಲುತ್ತಿತ್ತು.

ಸಂಡೂರು ತಾಲ್ಲೂಕಿನ ಹೋಬಳಿ ಊರು ಚೋರನೂರು. ಬಿಸಿಲು ನಲವತ್ತರ ಆಸುಪಾಸಿಗೆ ಬಂದು ಕೂತಿದ್ದ ದಿನಗಳು. ಅಂಥ ಹೊತ್ತಿನಲ್ಲಿ ಅಕ್ಕನ ಮನೆಯ ಹಳೇ ಒಂಟಿಬಾಗಿಲ ಫ್ರಿಜ್ಜು ಕೈಕೊಟ್ಟ ಸುದ್ದಿ ಓಣಿಗೆ ಹಬ್ಬಲು ಎಷ್ಟು ಹೊತ್ತು? ಹಾಲಿನವನು, ಎದುರುಮನೆಯಾಕೆ, ಮಜ್ಜಿಗೆ ಕೇಳಲು ಬಂದವರು, ಎಲ್ಲರ ತೀರ್ಪೂ ಒಂದೇ: ‘ಗ್ಯಾಸ್ ಹೋಗೇತಿ.’ ನಮ್ಮ ಕಡೆ ಫ್ರಿಜ್ಜಿಗಿರುವುದು ಇದೊಂದೇ ರೋಗ. ಕೂಸು ಅತ್ತರೆ ದೃಷ್ಟಿ ತಾಗಿದೆ ಅಂದ ಹಾಗೆ.

ಮಧ್ಯಾಹ್ನ ಬೈಕಿನ ಮೇಲೆ ಬಂದ ಮೆಕ್ಯಾನಿಕ್ ಚೀಲ ಬಿಚ್ಚಲೇ ಇಲ್ಲ. ಫ್ಯಾನು ಆರಿಸಲು ಹೇಳಿ ಫ್ರಿಜ್ಜಿನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತ. ನಾವೂ ಉಸಿರು ಬಿಗಿಹಿಡಿದೆವು. ಹುಂ ಅಂತ ಗುಂಯ್‌ಗುಟ್ಟಿತು, ಹತ್ತು ಎಣಿಸುವಷ್ಟರಲ್ಲಿ ಟಕ್ ಅಂತು, ಸುಮ್ಮನಾಯಿತು. ಮೂರ್ನಾಲ್ಕು ನಿಮಿಷ ಬಿಟ್ಟು ಮತ್ತೆ ಹುಂ… ಟಕ್.

‘ಗ್ಯಾಸ್ ಹೋಗಿದ್ರ ಇದು ಓಡ್ಕೊಂತನ ಇರ್ತಿತ್ತು, ತಂಪು ಆಗ್ತಿರ್ಲಿಲ್ಲ. ಇದು ಓಡಾಕನ ವಲ್ಲದು’ ಅಂದ.

ಎದುರುಮನೆಯಾಕೆಗೆ ಸಮಾಧಾನವಾಗಲಿಲ್ಲ. ಇಷ್ಟು ವರ್ಷಕ್ಕೆ ಗ್ಯಾಸ್ ತೀರಿರಬೇಕಲ್ಲ ಎಂಬುದು ಆಕೆಯ ಲೆಕ್ಕ. ಆದರೆ ಬೈಕಿನ ಪೆಟ್ರೋಲಿನಂತೆ ಅದು ಉರಿದು ಮುಗಿಯುವಂಥದ್ದಲ್ಲ. ಅದೇ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ, ತೂತು ಬಿದ್ದರೆ ಮಾತ್ರ ಹೊರಗೆ. ‘ಚಾಕು ಹಾಕಿ ಐಸು ಕೆದರೀರೇನು?’ ಎಂದು ಮೆಕ್ಯಾನಿಕ್ ಕೇಳಿದಾಗ ಎಲ್ಲರ ಕಣ್ಣೂ ಮನೆಯ ಹುಡುಗನ ಕಡೆ ತಿರುಗಿದವು. ಅವನು ಅಂಗಳಕ್ಕೆ ಓಡಿದ.

ಫ್ರಿಜ್ಜಿನ ಬೆನ್ನಿನ ಚೀಟಿಯಲ್ಲಿ ಗ್ಯಾಸಿನ ಹೆಸರು ಆರ್-134ಎ ಎಂದಿತ್ತು. ಇದಕ್ಕೂ ಹಿಂದಿನ ಫ್ರಿಜ್ಜುಗಳಲ್ಲಿ ಇದ್ದದ್ದು ಆರ್-12. ಅದು ಓಜೋನ್ ಪದರವನ್ನು ತಿನ್ನುತ್ತದೆಂದು 1987ರಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಯಿತು. ಭಾರತದಂಥ ದೇಶಗಳು ಅಂಥ ಅನಿಲಗಳನ್ನು ಕೈಬಿಡಲು 2010 ಗಡುವಾಗಿತ್ತು. ಚೋರನೂರಿನ ಅಡುಗೆಮನೆಯ ಮೂಲೆಗೂ ಆ ಒಪ್ಪಂದ ಹೀಗೆ ಬಂದು ತಲುಪಿದೆ.

ಪ್ಲಗ್ಗು ಕಿತ್ತು ಫ್ರಿಜ್ಜನ್ನು ಮುಂದಕ್ಕೆ ಎಳೆದಾಗ ಅಕ್ಕನಿಗೆ ನಾಚಿಕೆಯಾಯಿತು. ಹಿಂದಿನ ಕರಿ ಜಾಲರಿಯ ತುಂಬ ಕೆಂಪು ಧೂಳು, ಎಣ್ಣೆಜಿಡ್ಡಿಗೆ ಅಂಟಿ ಕಂಬಳಿಯಂತೆ ಕೂತಿತ್ತು. ಸಂಡೂರು ಸೀಮೆಯಲ್ಲಿ ಒಗೆದ ಬಿಳಿ ಅಂಗಿಯನ್ನೇ ಬಿಡದ ಧೂಳು ಇದನ್ನು ಬಿಟ್ಟೀತೆ? ಫ್ರಿಜ್ಜು ತಂಪನ್ನು ತಯಾರಿಸುವುದಿಲ್ಲ. ಬಾವಿಯಿಂದ ನೀರು ಸೇದಿ ಚೆಲ್ಲಿದ ಹಾಗೆ, ಒಳಗಿನ ಬಿಸಿಯನ್ನು ಎತ್ತಿ ಈ ಜಾಲರಿಯಿಂದ ಹೊರಗೆ ಚೆಲ್ಲುತ್ತದೆ. ಚೆಲ್ಲುವ ಜಾಗಕ್ಕೇ ಕಂಬಳಿ ಹೊದಿಸಿದರೆ ಕಂಪ್ರೆಸರ್ ಏದುಸಿರು ಬಿಡದೆ ಇನ್ನೇನು ಮಾಡೀತು? ಹಳೇ ಪೇಂಟ್ ಬ್ರಷ್ಷಿನಲ್ಲಿ ಉಜ್ಜಿದರೆ ಅರ್ಧ ಮೊರ ಧೂಳು ಬಿತ್ತು.

ರೋಗ ಮಾತ್ರ ಅಲ್ಲಿರಲಿಲ್ಲ. ಕಂಪ್ರೆಸರಿನ ಪಕ್ಕದ ಪುಟ್ಟ ಮುಚ್ಚಳ ತೆಗೆದು, ಬೆಂಕಿಪೆಟ್ಟಿಗೆಯಷ್ಟಿದ್ದ ಕರಿ ರಿಲೇಯನ್ನು ಕಿತ್ತು ಕಿವಿಯ ಹತ್ತಿರ ಅಲುಗಿಸಿದ. ಒಳಗೆ ಗಿಲಗಿಲ ಸದ್ದು. ‘ಸಿಕ್ತು’ ಅಂದ. ಅದರೊಳಗೆ ನಾಣ್ಯದಂಥ ಒಂದು ಬಿಲ್ಲೆ ಇರುತ್ತದೆ. ಕಂಪ್ರೆಸರ್ ಏಳುವಾಗ ಅದರ ಮೂಲಕ ಕರೆಂಟು ನುಗ್ಗಿ ಒಂದು ತಳ್ಳು ಕೊಡುತ್ತದೆ. ಬಿಲ್ಲೆ ಕೂಡಲೇ ಕಾದು ಆ ದಾರಿಯನ್ನು ಮುಚ್ಚಿಬಿಡುತ್ತದೆ. ಬಿಲ್ಲೆ ಒಡೆದರೆ ತಳ್ಳು ಇಲ್ಲ. ಮೋಟಾರು ನಿಂತಲ್ಲೇ ಮುಲುಗುತ್ತದೆ. ಅದು ಸುಟ್ಟುಹೋಗದಂತೆ ಪಕ್ಕದ ಓವರ್‌ಲೋಡ್ ಟಕ್ ಅಂತ ಕರೆಂಟು ಕಡಿಯುತ್ತದೆ. ಹಿಂದಿನ ರಾತ್ರಿ ಕರೆಂಟು ಹೋಗಿ ಬಂದು, ಬಂದು ಹೋಗಿ ಆಟ ಆಡಿತ್ತು. ಅದರ ಕರಾಮತ್ತು ಇದ್ದೀತು.

ಆದರೂ ಅವನು ಅವಸರ ಮಾಡಲಿಲ್ಲ. ಕಂಪ್ರೆಸರಿನ ಮೂರು ಪಿನ್ನುಗಳಿಗೆ ಮೀಟರಿನ ಕಡ್ಡಿ ತಾಗಿಸಿ ಎರಡೆರಡರ ನಡುವೆ ಅಳೆದ. ಎರಡು ಸಣ್ಣ ಅಳತೆ ಕೂಡಿದರೆ ಮೂರನೆಯದು ಬರಬೇಕು. ಬಂತು. ಪಿನ್ನಿಗೂ ಕಂಪ್ರೆಸರಿನ ಮೈಗೂ ಮುಟ್ಟಿಸಿದ, ಮೀಟರು ಮಿಸುಕಲಿಲ್ಲ. ಮೋಟಾರು ಜೀವಂತ. ಹೊಸ ರಿಲೇ ಕೂರಿಸಿ ಪ್ಲಗ್ಗು ಹಾಕಿದ.

ಹುಂ… ಟಕ್ ಬರಲಿಲ್ಲ. ಗುಂಯ್‌ ಸದ್ದು ತಗ್ಗಿ ಸಣ್ಣಗೆ ಹರಿಯತೊಡಗಿತು. ಸ್ವಲ್ಪ ಹೊತ್ತಿಗೆ ಅಕ್ಕ ಜಾಲರಿ ಮುಟ್ಟಿ ನೋಡಿದಳು. ಬೆಚ್ಚಗಾಗಿತ್ತು. ‘ಸಂಜೀತನಕ ಬಾಗ್ಲ ತೆಗೀಬ್ಯಾಡ್ರಿ, ಗ್ವಾಡಿಗೆ ಒತ್ತಿ ಇಡಬ್ಯಾಡ್ರಿ’ ಎಂದು ಹೇಳಿ ಮೆಕ್ಯಾನಿಕ್ ಚಹಾಕ್ಕೆ ಕೂತ. ಹಾಲಿಲ್ಲದ್ದರಿಂದ ನಿಂಬೆಹಣ್ಣು ಹಿಂಡಿದ ಕರಿ ಚಹಾ.

ಅಷ್ಟರಲ್ಲಿ ಹುಡುಗ ಅಂಗಳದಿಂದ ಮೆಲ್ಲಗೆ ಒಳಗೆ ಬಂದ. ನೆಲದ ಮೇಲೆ ಬಿದ್ದಿದ್ದ ಹಳೇ ರಿಲೇಯನ್ನು ಎತ್ತಿಕೊಂಡು ಕಿವಿಗೆ ಹಿಡಿದು ಅಲುಗಿಸಿದ. ಗಿಲಕಿಯಂತೆ ಅದನ್ನು ಆಡಿಸುತ್ತ ಓಣಿಯ ಉದ್ದಕ್ಕೂ ಹೊರಟ, ಎದುರುಮನೆಯಾಕೆಗೆ ಎಲ್ಲರಿಗಿಂತ ಮೊದಲು ತೋರಿಸಲು.