ನಂಬಿಕೆ, ಪ್ರಾರ್ಥನೆ, ಸ್ವಸ್ಥತೆ: ಕ್ರೈಸ್ತ ಪರಂಪರೆಯ ಒಂದು ವಿವೇಚನೆ

ಮುಂಬಯಿಯ ಬಾಂದ್ರಾ ಗುಡ್ಡದ ಮೇಲಿರುವ ಮೌಂಟ್ ಮೇರಿ ಇಗರ್ಜಿಯಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ನಡೆಯುವ ಜಾತ್ರೆಯನ್ನು ಆ ನಗರದ ಕನ್ನಡಿಗರು ಬಲ್ಲರು. ಅಲ್ಲಿಯ ಅಂಗಡಿಗಳಲ್ಲಿ ಕೈ, ಕಾಲು ಮೊದಲಾದ ಅಂಗಗಳ ಆಕಾರದ ಮೇಣದ ಪ್ರತಿರೂಪಗಳು ಮಾರಾಟಕ್ಕಿರುತ್ತವೆ. ವ್ಯಾಧಿ ತಗುಲಿದ ಅಂಗ ಯಾವುದೋ ಅದರ ಪ್ರತಿರೂಪವನ್ನು ಭಕ್ತರು ಮಾತೆಗೆ ಒಪ್ಪಿಸುತ್ತಾರೆ. ಅವರಲ್ಲಿ ಕ್ರೈಸ್ತರಲ್ಲದವರೂ ಅನೇಕರು. ನಮ್ಮ ದೇವಸ್ಥಾನಗಳಲ್ಲಿ ಬೆಳ್ಳಿಯ ಕಣ್ಣುಗಳನ್ನು ಹರಕೆಯಾಗಿ ಸಲ್ಲಿಸುವುದನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ಪ್ರಾಚೀನ ಗ್ರೀಸಿನ ಕೊರಿಂಥದಲ್ಲಿಯೂ ವೈದ್ಯದೇವತೆಯಾದ ಆಸ್ಕ್ಲೇಪಿಯಸನ ಗುಡಿಯ ನೆಲೆಯಲ್ಲಿ ಮಣ್ಣಿನ ಅಂಗಗಳು ಉತ್ಖನನದಿಂದ ದೊರೆತಿವೆ. ಆದರೆ ಆಚಾರಗಳ ಸಾಮ್ಯದಿಂದ ತತ್ತ್ವದ ಸಾಮ್ಯವನ್ನು ಊಹಿಸುವುದು ಸಮಂಜಸವಲ್ಲ. ಕ್ರೈಸ್ತ ಪರಂಪರೆಯು ನಂಬಿಕೆ, ಪ್ರಾರ್ಥನೆ ಮತ್ತು ಸ್ವಸ್ಥತೆಗಳ ಸಂಬಂಧವನ್ನು ಹೇಗೆ ಗ್ರಹಿಸಿದೆ? ಪ್ರಾರ್ಥಿಸಿಯೂ ವಾಸಿಯಾಗದವನ ವಿಷಯದಲ್ಲಿ ಅದು ಏನು ಹೇಳುತ್ತದೆ? ಈ ಎರಡು ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಒಂದು ಕ್ರಿಯಾಪದ, ಎರಡು ಅರ್ಥ

ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕಿನಲ್ಲಿ ‘ಸೋಜೋ’ ಎಂಬ ಕ್ರಿಯಾಪದಕ್ಕೆ ಕಾಪಾಡು, ಉದ್ಧರಿಸು ಎಂಬ ಅರ್ಥಗಳಂತೆಯೇ ರೋಗದಿಂದ ಗುಣಪಡಿಸು ಎಂಬ ಅರ್ಥವೂ ಉಂಟು. ಕನ್ನಡಕ್ಕೆ ತರುವಾಗ ಅನುವಾದಕನು ‘ರಕ್ಷಣೆ’, ‘ಸ್ವಸ್ಥತೆ’ಗಳಲ್ಲಿ ಒಂದನ್ನು ಆಯ್ದುಕೊಳ್ಳಲೇಬೇಕಾಗುತ್ತದೆ, ಒಂದನ್ನು ಆಯ್ದಾಗ ಇನ್ನೊಂದರ ಛಾಯೆ ಮಸುಕಾಗುತ್ತದೆ. ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಬರುವ ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನ. ಹತ್ತು ಜನರೂ ಶುದ್ಧರಾಗುತ್ತಾರೆ. ಅದಕ್ಕೆ ಮೂಲದಲ್ಲಿ ಬೇರೆಯೇ ಕ್ರಿಯಾಪದವಿದೆ. ಮರಳಿ ಬಂದು ಕೃತಜ್ಞತೆ ಸಲ್ಲಿಸಿದ ಸಮಾರ್ಯದವನೊಬ್ಬನಿಗೆ ಮಾತ್ರ, ಅವನ ನಂಬಿಕೆಯನ್ನು ಕುರಿತು ಹೇಳುವಾಗ, ‘ಸೋಜೋ’ ಪ್ರಯೋಗವಾಗುತ್ತದೆ. ದೇಹದ ಗುಣವು ಹತ್ತು ಮಂದಿಗೂ ದೊರೆಯಿತು. ಅದಕ್ಕಿಂತ ಮಿಗಿಲಾದುದೇನೋ ಒಬ್ಬನಿಗೆ ದೊರೆಯಿತು. ‘ತನ್ನಲ್ಲಿ ತಾನು ನೆಲೆಗೊಂಡವನು’ ಎಂಬ ಮೂಲಾರ್ಥವಿರುವ ‘ಸ್ವಸ್ಥ’ ಪದವನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅದರ ಔಚಿತ್ಯ ಮನವರಿಕೆಯಾಗುತ್ತದೆ.

ನಂಬಿಕೆ ಯಾರದು ಎಂಬುದೂ ವಿಚಾರಾರ್ಹ. ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಮಾಳಿಗೆಯನ್ನು ತೆರೆದು ಕೆಳಗಿಳಿಸುತ್ತಾರೆ. ಯೇಸು ಗಮನಿಸುವುದು ರೋಗಿಯೊಬ್ಬನ ನಂಬಿಕೆಯನ್ನಲ್ಲ, ಅವರೆಲ್ಲರ ನಂಬಿಕೆಯನ್ನು. ಅದೇ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಮಗನಿಗಾಗಿ ಬೇಡುವ ತಂದೆಯು ತನ್ನ ನಂಬಿಕೆಯೊಡನೆ ಅಪನಂಬಿಕೆಯನ್ನೂ ಒಪ್ಪಿಕೊಳ್ಳುತ್ತಾನೆ. ಆದರೂ ಮಗನು ಗುಣಹೊಂದುತ್ತಾನೆ. ನಂಬಿಕೆಯನ್ನು ತೂಗಿ ಅದಕ್ಕೆ ತಕ್ಕಷ್ಟು ಫಲ ಕೊಡುವ ಲೆಕ್ಕಾಚಾರ ಇಲ್ಲಿಲ್ಲ.

2. ತೈಲ, ಪ್ರಾರ್ಥನೆ, ವೈದ್ಯ

ರೋಗಿಯಾದವನು ಸಭೆಯ ಹಿರಿಯರನ್ನು ಕರೆಯಿಸಬೇಕು, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕು ಎಂಬ ವಿಧಿ ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿದೆ. ರೋಗಿಗೆ ತೈಲಾಭ್ಯಂಜನ ಮಾಡುವ ಸಂಸ್ಕಾರಕ್ಕೆ ಇದೇ ಆಧಾರ. ಮಧ್ಯಯುಗದ ಪಾಶ್ಚಾತ್ಯ ಸಭೆಯಲ್ಲಿ ಇದು ಕ್ರಮೇಣ ಮರಣಶಯ್ಯೆಯ ವಿಧಿಯಾಗಿ ಸಂಕುಚಿತಗೊಂಡು ‘ಅಂತಿಮ ಅಭ್ಯಂಜನ’ವೆನಿಸಿತು. ಪಾದ್ರಿ ಬಂದನೆಂದರೆ ಸಾವು ಸಮೀಪಿಸಿತೆಂದು ಮನೆಯವರು ಅಂಜುವಂತಾಯಿತು. ಇದನ್ನು ರೋಗಿಗಳ ಅಭ್ಯಂಜನವೆಂದು ಕರೆಯುವುದೇ ಹೆಚ್ಚು ಸೂಕ್ತವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಸಾರಿತು. 1972ರಲ್ಲಿ ಪರಿಷ್ಕೃತ ವಿಧಿಯನ್ನು ಗೊತ್ತುಪಡಿಸಲಾಯಿತು.

ಪವಾಡಗಳ ವಿಷಯದಲ್ಲಿ ಸಂತ ಅಗಸ್ಟಿನನ ನಿಲುವು ಬದಲಾದುದು ಗಮನಾರ್ಹ. ಅಪೊಸ್ತಲರ ಕಾಲದ ಬಳಿಕ ಅಂಥವು ನಿಂತುಹೋದವೆಂದು ಮೊದಲು ಭಾವಿಸಿದ್ದ ಆತ, ತನ್ನ ಹಿಪ್ಪೋ ನಗರದಲ್ಲಿ ಸಂತ ಸ್ತೆಫನನ ಅವಶೇಷಗಳ ಸನ್ನಿಧಿಯಲ್ಲಿ ಸಂಭವಿಸಿದವೆನ್ನಲಾದ ಸುಮಾರು 70 ಘಟನೆಗಳ ಬರೆಹಗಳು ಎರಡು ವರ್ಷಗಳೊಳಗೆ ಕೂಡಿದುದನ್ನು ‘ದೇವನಗರ’ ಗ್ರಂಥದ ಕೊನೆಯ ಸಂಪುಟದಲ್ಲಿ ದಾಖಲಿಸುತ್ತಾನೆ.

ಆದರೆ ಇದೇ ಪರಂಪರೆ ವೈದ್ಯವನ್ನು ತಿರಸ್ಕರಿಸಲಿಲ್ಲ. ನಾಲ್ಕನೆಯ ಶತಮಾನದಲ್ಲಿ ಕೈಸರೈಯದ ಬಿಷಪ್ ಬೆಸಿಲನು ರೋಗಿಗಳ ಆರೈಕೆಗೆಂದು ಆಲಯವನ್ನು ಕಟ್ಟಿಸಿದನು. ಹನ್ನೆರಡನೆಯ ಶತಮಾನದ ಸಂನ್ಯಾಸಿನಿ ಹಿಲ್ಡೆಗಾರ್ಡಳು ಔಷಧಿಗಳನ್ನು ಕುರಿತು ಗ್ರಂಥ ರಚಿಸಿದಳು. ನಮ್ಮ ನಾಡಿನಲ್ಲಿ, 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಔಷಧಾಲಯ, 1900ರಲ್ಲಿ ವೆಲ್ಲೂರಿನಲ್ಲಿ ಐಡಾ ಸ್ಕಡರ್ ತೊಡಗಿದ ಚಿಕಿತ್ಸಾಕಾರ್ಯ ಇವೆರಡೂ ಪ್ರಾರ್ಥಿಸುವ ಕೈಗಳೇ ಕಟ್ಟಿದಂಥವು. ಪ್ರಾರ್ಥನೆಯಿದ್ದಮೇಲೆ ಮದ್ದೇಕೆ ಎನ್ನುವ ವಾದಕ್ಕೆ ಈ ಚರಿತ್ರೆಯ ಸಮರ್ಥನೆ ದೊರೆಯುವುದಿಲ್ಲ.

3. ಲೂರ್ದ್‌ನ ಪರೀಕ್ಷೆ

ಫ್ರಾನ್ಸಿನ ಲೂರ್ದ್‌ನಲ್ಲಿ ಬರ್ನದೆತ್ ಎಂಬ ಬಾಲಿಕೆಗೆ 1858ರಲ್ಲಿ 18 ಬಾರಿ ಮಾತೆಯ ದರ್ಶನವಾಯಿತೆಂಬ ನಂಬಿಕೆಯಿಂದ ಆ ಊರು ರೋಗಿಗಳ ಯಾತ್ರಾಸ್ಥಳವಾಯಿತು. ಅಲ್ಲಿ 1883ರಿಂದಲೂ ವೈದ್ಯರ ಪರಿಶೀಲನಾ ಕಚೇರಿಯಿದೆ. ಪರೀಕ್ಷೆಯ ಮಾನದಂಡಗಳು ಹದಿನೆಂಟನೆಯ ಶತಮಾನದ ಲಾಂಬರ್ತೀನಿ, ಅಂದರೆ ಮುಂದೆ 14ನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಪೋಪರಾದವರು ಗೊತ್ತುಮಾಡಿದವು. ರೋಗವು ಗಂಭೀರವಾಗಿರಬೇಕು, ತಾನಾಗಿ ಇಳಿಮುಖವಾಗುವ ಹಂತದಲ್ಲಿರಬಾರದು, ಗುಣಕ್ಕೆ ಔಷಧಿ ಕಾರಣವಾಗಿರಬಾರದು, ಗುಣವು ಒಮ್ಮೆಲೇ ಬಂದು ಪೂರ್ಣವೂ ಶಾಶ್ವತವೂ ಆಗಿರಬೇಕು. ವೈದ್ಯರು ‘ಈಗಿನ ತಿಳಿವಳಿಕೆಯಿಂದ ವಿವರಿಸಲಾಗದು’ ಎಂದಷ್ಟೇ ಹೇಳಬಲ್ಲರು. ಪವಾಡವೆಂದು ಘೋಷಿಸುವ ಅಧಿಕಾರ ಬಿಷಪರದು. ದಾಖಲಾದ 7,000ಕ್ಕೂ ಮಿಕ್ಕ ಪ್ರಕರಣಗಳಲ್ಲಿ 2025ರವರೆಗೆ ಹೀಗೆ ಮನ್ನಣೆ ಪಡೆದವು 72 ಮಾತ್ರ. ನಂಬುವ ಸಭೆಯೇ ಇಷ್ಟು ಜಿಪುಣತನ ತೋರಿದೆಯೆಂಬುದು, ವೇದಿಕೆಯ ಮೇಲೆ ಕ್ಷಣಕ್ಕೊಂದು ಪವಾಡವನ್ನು ಸಾರುವವರ ನಡುವೆ ನೆನಪಿಡತಕ್ಕ ಸಂಗತಿ.

ಅಮೆರಿಕದಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೊಳಗಾದ 1,802 ಮಂದಿಯ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಇತರರ ಪ್ರಾರ್ಥನೆಯಿಂದ ತೊಡಕುಗಳು ಕಡಿಮೆಯಾಗಲಿಲ್ಲವೆಂಬುದು ಅದರ ಫಲಿತಾಂಶ. ಇದರಿಂದ ಭಕ್ತನ ನಂಬಿಕೆ ಖಂಡಿತವಾಯಿತೆನ್ನಲಾಗದು. ಆದರೆ ಪ್ರಾರ್ಥನೆಯನ್ನು ಔಷಧಿಯಂತೆ ಪ್ರಮಾಣ ಗೊತ್ತುಪಡಿಸಿ ಬಳಸುವ ಸಾಧನವೆಂದು ಭಾವಿಸುವುದು ತಪ್ಪೆಂಬುದು ಸ್ಪಷ್ಟವಾಗುತ್ತದೆ.

4. ವಾಸಿಯಾಗದವರು

ನಮ್ಮ ಹರಿದಾಸ ಪರಂಪರೆಯಲ್ಲಿ ಮಾನ್ವಿಯ ಜಗನ್ನಾಥದಾಸರ ಐತಿಹ್ಯ ಪ್ರಸಿದ್ಧ. ವಿಜಯದಾಸರನ್ನು ಅವಮಾನಿಸಿದ್ದರಿಂದ ಅವರಿಗೆ ಉದರವ್ಯಾಧಿ ಬಂತು. ಗೋಪಾಲದಾಸರು ತಮ್ಮ ಆಯುಸ್ಸಿನ 40 ವರ್ಷಗಳನ್ನು ಧಾರೆಯೆರೆದು ಉಳಿಸಿದರು. ಇಲ್ಲಿ ವ್ಯಾಧಿಗೆ ಅಪರಾಧವೇ ಕಾರಣ. ಗುಣವು ಪಂಡಿತನನ್ನು ದಾಸನನ್ನಾಗಿಸುತ್ತದೆ. ದೇಹದ ಗುಣವು ಬಾಳಿನ ಪರಿವರ್ತನೆಗೆ ದಾರಿಯಾಗುವುದು ಎರಡೂ ಪರಂಪರೆಗಳಿಗೆ ಸಮಾನ. ಆದರೆ ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯ ಕಾರಣದ ವಿಷಯದಲ್ಲಿ ಬೇರೆಯ ದಾರಿ ಹಿಡಿಯುತ್ತದೆ. ಹುಟ್ಟುಕುರುಡನನ್ನು ಕಂಡು, ಪಾಪ ಇವನದೋ ತಂದೆತಾಯಿಗಳದೋ ಎಂದು ಶಿಷ್ಯರು ಕೇಳಿದಾಗ, ಯೇಸು ಎರಡನ್ನೂ ನಿರಾಕರಿಸುತ್ತಾನೆ.

ಪೌಲನ ದೃಷ್ಟಾಂತ ಇನ್ನೂ ಮುಖ್ಯವಾದುದು. ತನ್ನ ಶರೀರದಲ್ಲಿ ನಾಟಿದ ‘ಮುಳ್ಳ’ನ್ನು ತೆಗೆಯಬೇಕೆಂದು ಆತ ಮೂರು ಬಾರಿ ಬೇಡಿಕೊಂಡನು; ಅದು ಹೋಗಲಿಲ್ಲ, ಅದನ್ನು ತಾಳಿಕೊಳ್ಳುವ ಬಲ ಬಂತು. ಅವನ ಹೆಸರಿನ ಪತ್ರಿಕೆಗಳಲ್ಲಿ ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸದ ಸಲಹೆಯಿದೆ. ತ್ರೊಫಿಮನನ್ನು ರೋಗಿಯಾಗಿಯೇ ಮಿಲೇತದಲ್ಲಿ ಬಿಟ್ಟು ಬಂದ ಮಾತೂ ಇದೆ. ಇವರ ನಂಬಿಕೆ ಕೊರತೆಯದೆಂದು ಯಾರೂ ಹೇಳಲಿಲ್ಲ. ಲೂರ್ದ್‌ನ ಬರ್ನದೆತಳೂ ದೀರ್ಘಕಾಲ ವ್ಯಾಧಿಯಿಂದ ನರಳಿ 1879ರಲ್ಲಿ, 35ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯನ್ನು ಸಭೆ 1933ರಲ್ಲಿ ಸಂತಳೆಂದು ಸಾರಿತು.

ರೋಗಿಯ ಹಾಸಿಗೆಯ ಬಳಿ ನಿಂತು ‘ನಿನಗೆ ನಂಬಿಕೆ ಸಾಲದು’ ಎನ್ನುವವನು, ನರಳುವವನ ಮೇಲೆ ಇನ್ನೊಂದು ಭಾರವನ್ನು ಹೊರಿಸುತ್ತಾನೆ. ಆ ಮಾತಿಗೆ ಮೂಲಗ್ರಂಥದ ಮುಖ್ಯ ಸಾಕ್ಷ್ಯಗಳ ಬೆಂಬಲವಿಲ್ಲ. ಕ್ರೈಸ್ತ ಪರಂಪರೆಯ ಒಟ್ಟು ಅನುಭವದಲ್ಲಿ ಪ್ರಾರ್ಥನೆ ಎಂದರೆ ವಾಸಿಯಾಗುವ ಖಾತರಿಯಲ್ಲ; ವ್ಯಾಧಿಯಲ್ಲಿ ಮನುಷ್ಯನು ಒಂಟಿಯಲ್ಲವೆಂಬ ಭರವಸೆ. ಮಾಳಿಗೆ ತೆರೆದ ಆ ನಾಲ್ವರ ಕೆಲಸವೂ ಅದೇ ಆಗಿತ್ತು.