ಯುರೇನಿಯಂ ಉಸಿರಾಡುವ ಜೀವಿಗಳು

ಬಿರುಬೇಸಗೆಯ ಬೆಳಿಗ್ಗೆ ಮಲ್ಪೆಯ ಕಡಲಿಗಿಳಿದು ಹತ್ತು ಲೀಟರಿನ ಕೊಡ ಅದ್ದಿ ಎತ್ತಿ. ಉಪ್ಪು, ಮರಳು, ಪಾಚಿಯ ಚೂರು. ಮತ್ತೇನಿದೆ? ಯುರೇನಿಯಂ ಇದೆ! ಲೀಟರಿಗೆ ಸುಮಾರು 3.3 ಮೈಕ್ರೊಗ್ರಾಂ, ಕೊಡಕ್ಕೆ 33. ಕಣ್ಣಿಗೆ ಬೀಳದಷ್ಟು, ನಿಜ. ಪರಮಾಣು ಎಣಿಸಹೊರಟರೆ ಮಾತ್ರ ಎಂಟುನೂರು ಕೋಟಿ ಕೋಟಿ ದಾಟುತ್ತದೆ. ಅಟ್ಲಾಂಟಿಕ್ ಸಾಗರದ ನಟ್ಟನಡುವೆ ಕೊಡ ಅದ್ದಿದರೂ ಹೆಚ್ಚುಕಡಿಮೆ ಇದೇ ಲೆಕ್ಕ. ನದಿಗಳು ಬಂಡೆ ತೊಳೆದು ತಂದ ಯುರೇನಿಯಂ ಕಡಲಲ್ಲಿ ಸರಾಸರಿ ನಾಲ್ಕೈದು ಲಕ್ಷ ವರ್ಷ ಇರುತ್ತದೆ. ಕಡಲಿಗೆ ತನ್ನನ್ನು ತಾನು ಕಲಸಿಕೊಳ್ಳಲು ಸಾವಿರ ಚಿಲ್ಲರೆ ವರ್ಷ ಸಾಕು.

ಈ ಪರಮಾಣುಗಳಲ್ಲಿ ಮುಖ್ಯವಾಗಿ ಎರಡು ಬಗೆ, ಅಂದರೆ ಐಸೊಟೋಪು: 238 ಮತ್ತು ಮೂರು ನ್ಯೂಟ್ರಾನ್ ಕಡಿಮೆಯಿರುವ 235. ಒಂದು 235 ಇದ್ದಲ್ಲಿ 238ರವು 137.88 ಎಂಬುದು ದಶಕಗಳ ಕಾಲ ಕಲ್ಲಲ್ಲಿ ಕೊರೆದ ಸಂಖ್ಯೆ. ಉಲ್ಕೆಗಳ ವಯಸ್ಸನ್ನೂ ಅದನ್ನೇ ನಂಬಿ ಲೆಕ್ಕ ಹಾಕುತ್ತಿದ್ದರು. (ಗಬಾನ್ ದೇಶದ ಓಕ್ಲೊ ಗಣಿಯ ಅದಿರು 1972ರಲ್ಲಿ ಈ ಲೆಕ್ಕ ತಪ್ಪಿಸಿತ್ತು. ಸುಮಾರು 200 ಕೋಟಿ ವರ್ಷಗಳ ಹಿಂದೆ ಅಲ್ಲಿ ನೆಲದಡಿಯೇ ತಾನಾಗಿ ಅಣುಸ್ಥಾವರ ಹೊತ್ತಿಕೊಂಡಿತ್ತು! ಅದು ಬೇರೆಯೇ ಪುರಾಣ.) ಅಷ್ಟು ಭಾರದ ಪರಮಾಣುವಿಗೆ ಮೂರು ನ್ಯೂಟ್ರಾನ್ ಯಾವ ಲೆಕ್ಕ, ರಾಸಾಯನಿಕವಾಗಿ ಎರಡೂ ಒಂದೇ ಎಂದುಕೊಂಡಿದ್ದರು.

2007, 2008ರ ಹೊತ್ತಿಗೆ ಅಳೆಯುವ ಯಂತ್ರಗಳು ಸೂಕ್ಷ್ಮವಾದವು. ತಕ್ಕಡಿ ಸರಿಯಿದೆಯೇ ಎಂದು ಗೊತ್ತಿರುವ ತೂಕದ ಕಲ್ಲಿಟ್ಟು ನೋಡುವಂತೆ, ಮಾದರಿಗೆ 233 ಮತ್ತು 236 ಎಂಬ ಕೃತಕ ಯುರೇನಿಯಂಗಳನ್ನು ಗೊತ್ತಾದ ಅಳತೆಯಲ್ಲಿ ಬೆರೆಸಿ ಯಂತ್ರದ ತಪ್ಪನ್ನೇ ಕಳೆದರು. ಸ್ಥಿರಸಂಖ್ಯೆ ಅಲುಗಾಡಿತು! ಆಮ್ಲಜನಕವಿಲ್ಲದ ಕಪ್ಪು ಸಮುದ್ರದ ತಳದ ಕೆಸರಿನಲ್ಲಿ 238 ಹೆಚ್ಚು, ಕಡಲ ನೀರಿನಲ್ಲಿ ಕಡಿಮೆ.

ಇಲ್ಲೇ ನೋಡಿ ತಲೆ ತಿರುಗುವುದು. ಹಗುರ ಐಸೊಟೋಪು ಚುರುಕು, ಭಾರದ್ದು ಹಿಂದೆ ಬೀಳುತ್ತದೆ ಎಂಬುದು ಎಲ್ಲರೂ ಕಂಡ ರೂಢಿ. ನೀರು ಆವಿಯಾಗುವಾಗಲೂ ಹಾಗೆಯೇ. ಯುರೇನಿಯಂನಲ್ಲಿ ಭಾರದ್ದೇ ಮುಂದು! ಕಾರಣ ತೂಕವಲ್ಲ, ಗಾತ್ರ. ಪರಮಾಣುವನ್ನು ನೂರೈವತ್ತು ಮೀಟರಿನ ಮೈದಾನವೆಂದರೆ ನ್ಯೂಕ್ಲಿಯಸ್ ನಡುವಿನ ಒಂದು ತೊಗರಿಕಾಳು. 238ರ ಕಾಳು 235ರದ್ದಕ್ಕಿಂತ ಕೂದಲೆಳೆಯ ಅರ್ಧದಷ್ಟು ದಪ್ಪ, ಅಷ್ಟೇ. ಅಷ್ಟು ಸಾಕು. ಕೆಲವು ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿನ ಒಳಗೂ ಹಾದುಹೋಗುತ್ತವೆ. ಕಾಳು ದಪ್ಪವಾದಷ್ಟೂ ಅವುಗಳ ಮೇಲಿನ ಹಿಡಿತ ತುಸು ಸಡಿಲ. ಹಾಗಾಗಿ ಎಲೆಕ್ಟ್ರಾನ್ ಪಡೆದು ಕೆಸರಿಗೆ ಅಂಟುವ ರೂಪವೇ 238ಕ್ಕೆ ಹೆಚ್ಚು ಹಿತ.

ಆ ಎಲೆಕ್ಟ್ರಾನ್ ಕೊಡುವವರಾರು? ಬ್ಯಾಕ್ಟೀರಿಯಾ! ನಾವು ಉಂಡ ಅನ್ನದ ಎಲೆಕ್ಟ್ರಾನುಗಳನ್ನು ಕೊನೆಗೆ ಆಮ್ಲಜನಕಕ್ಕೆ ದಾಟಿಸುತ್ತೇವೆ, ಉಸಿರಾಟವೆಂದರೆ ಅದೇ. ಆಮ್ಲಜನಕವಿಲ್ಲದ ಕೆಸರಿನ ಜಿಯೊಬ್ಯಾಕ್ಟರ್ ಎಲೆಕ್ಟ್ರಾನುಗಳನ್ನು ಕಬ್ಬಿಣದ ತುಕ್ಕಿಗೆ ದಾಟಿಸುತ್ತದೆ, ಯುರೇನಿಯಂ ಸಿಕ್ಕರೆ ಅದಕ್ಕೂ. 1991ರಲ್ಲಿ ಡೆರೆಕ್ ಲವ್ಲಿ ಮತ್ತು ಸಂಗಡಿಗರು ಇದನ್ನು ತೋರಿಸಿದರು. ಎರಡು ಎಲೆಕ್ಟ್ರಾನ್ ಸಿಕ್ಕಿದ್ದೇ ತಡ, ನೀರಲ್ಲಿ ಕರಗಿದ್ದ ಯುರೇನಿಯಂ ಕರಗದ ಗಸಿಯಾಗುತ್ತದೆ. ಅಮೆರಿಕದ ಕೊಲರಾಡೊದ ರೈಫಲ್ ಊರಿನಲ್ಲಿ ಹಳೆಯ ಯುರೇನಿಯಂ ಕಾರ್ಖಾನೆಯಿದ್ದ ಜಾಗದ ಅಂತರ್ಜಲಕ್ಕೆ ಅಸಿಟೇಟ್, ಅಂದರೆ ವಿನಿಗರ್‌ನ ಹುಳಿಯಿಂದಾಗುವ ಲವಣ, ಹರಿಸಿ ಈ ಜೀವಿಗಳಿಗೆ ಹಬ್ಬದೂಟ ಹಾಕಿದರು. ನೀರಿನಲ್ಲಿ ಯುರೇನಿಯಂ ಇಳಿಯಿತು. ಉಳಿದ ನೀರಲ್ಲಿ 238ರ ಪಾಲು ಸುಮಾರು ಸಾವಿರಕ್ಕೆ ಒಂದರಷ್ಟು ಕುಗ್ಗಿತ್ತು.

ಹಾಗಾದರೆ ಇದು ಜೀವಿಗಳ ಬೆರಳಚ್ಚೇ? 2015ರ ಪ್ರಯೋಗಗಳು ಹೌದೆಂದವು. ನಿರ್ಜೀವ ರಾಸಾಯನಿಕ ಕ್ರಿಯೆಯೂ ಇಂಥದೇ ಗುರುತು ಬಿಡಬಲ್ಲದೆಂದು 2018ರಲ್ಲಿ ಇನ್ನೊಂದು ತಂಡ ತೋರಿಸಿತು. ನಾನಂತೂ ಬೆರಳಚ್ಚು ಎನ್ನಲು ಅವಸರ ಪಡುವುದಿಲ್ಲ. ಆಮ್ಲಜನಕ ಇಲ್ಲದಿರುವುದರ ಗುರುತಾಗಿಯೇ ಇದು ಸಾಕಷ್ಟು ಬೆರಗಿನದು.

ಏಕೆಂದರೆ ಕಡಲತಳ ಉಸಿರುಗಟ್ಟಿದಷ್ಟೂ 238 ಕೆಸರಿಗಿಳಿಯುತ್ತದೆ, ನೀರಲ್ಲಿ ಅದರ ಪಾಲು ಕುಗ್ಗುತ್ತದೆ. ಆ ನೀರಿನಿಂದಲೇ ಕಟ್ಟಿಕೊಳ್ಳುವ ಸುಣ್ಣಕಲ್ಲು ಹೆಚ್ಚುಕಡಿಮೆ ಅದೇ ಪ್ರಮಾಣವನ್ನು ಒಳಗಿಟ್ಟುಕೊಳ್ಳುತ್ತದೆ. ಸುಮಾರು 25 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗದ ಕೊನೆಗೆ, ಕಡಲಿನ ಜೀವಜಾತಿಗಳಲ್ಲಿ ಬಹುಪಾಲು ಅಳಿದುಹೋದವು. ದಕ್ಷಿಣ ಚೀನಾದ ದಾವೆನ್‌ನಲ್ಲಿ ಆ ಕಾಲದ ಸುಣ್ಣಕಲ್ಲಿನ ಪದರಗಳು ಒಂದರ ಮೇಲೊಂದಿವೆ. ಗ್ರೆಗರಿ ಬ್ರೆನೆಕ್ಕಾ ಮತ್ತು ಸಂಗಡಿಗರು ಅವುಗಳ ಯುರೇನಿಯಂ ಅಳೆದು 2011ರಲ್ಲಿ ಹೇಳಿದ್ದಿಷ್ಟು: ಅಳಿವಿನ ಹೊತ್ತಿಗೆ ಆಮ್ಲಜನಕವಿಲ್ಲದ ಕಡಲತಳ ಸುಮಾರು ಆರು ಪಟ್ಟು ಹಿಗ್ಗಿತ್ತು. ಇಷ್ಟು ದೊಡ್ಡ ಸಾವಿನ ಸುದ್ದಿ ಕಲ್ಲಿನಲ್ಲಿ ಬರೆದಿದ್ದದ್ದು ಎಷ್ಟು ಸಣ್ಣ ಅಕ್ಷರದಲ್ಲಿ ಗೊತ್ತೇ? ಪ್ರಮಾಣದಲ್ಲಿ ಹತ್ತು ಸಾವಿರಕ್ಕೆ ಮೂರೂ ತುಂಬದ ಇಳಿತ.